ಮೊಣಕಾಲ ಕೆಳಗೆ ಒಂದು ಕೈ

"ಇನ್ನೊಂದು ಸ್ವಲ್ಪ ಜೋರ ಹಾಕ್ರಿ," ಎನ್ನುತ್ತ ಬಸಣ್ಣ ತನ್ನ ಅಣ್ಣ ಅಡಿವೆಪ್ಪನ ಬಲಗಾಲನ್ನು ಎರಡೂ ಕೈಯಿಂದ ಹಿಡಿದು ಮಡಿಸಲು ನೋಡಿದ. ಎಡಗಾಲು ಆಗಲೇ ಮಡಿಚಿತ್ತು. ಬಲಗಾಲು ಅರ್ಧಕ್ಕೆ ಬಂದು ನಿಂತಿತು. ಅಡಿವೆಪ್ಪನನ್ನು ಗೋಡೆಗೆ ಆನಿಸಿ ಭುಜ ಹಿಡಿದಿದ್ದ ಓಣಿಯ ಇಬ್ಬರು ಮುಖ ಮುಖ ನೋಡಿಕೊಂಡರು.

"ಪ್ಲೇಟ್ ಹಾಕಿದ ಕಾಲ ಅದು," ಎಂದ ಅವರಲ್ಲೊಬ್ಬ. "ಎಲ್ಲಿ ಮಡಚತೈತಿ?"

"ಮಡಚಾಕ ಬೇಕಲ್ಲೋ. ಮಲಗಿಸಿ ಮಣ್ಣು ಮಾಡೂ ಪದ್ಧತಿ ನಮ್ಮೊಳಗ ಎಲ್ಲೈತಿ?" ಬಸಣ್ಣ ಬೆವರು ಒರೆಸಿಕೊಂಡ. "ಹೊತ್ತಾದಷ್ಟೂ ಸೆಟದ ಹೋಗತೈತಿ. ನಮ್ಮ ಅಪ್ಪನ್ನೂ ಹಿಂಗ ಒತ್ತಿ ಕುಂಡ್ರಿಸಿದ್ರಂತ. ಮುರದ್ರೂ ಈಗೇನ? ಅಣ್ಣಗ ಗೊತ್ತಾಗತೈತೇನ?"

ಅಡಿವೆಪ್ಪನ ಹೆಂಡತಿ ಚನ್ನಬಸವ್ವ ವಿಭೂತಿಯ ತಟ್ಟೆ ಹಿಡಿದು ಮೂಲೆಯಲ್ಲಿ ಕುಳಿತಿದ್ದಳು. ಬೆಳಿಗ್ಗೆ ಗಂಡ ಸ್ನಾನಕ್ಕೆ ನೀರು ಕಾಯಿತೇ ಎಂದು ಕೇಳಿದ್ದ; ಅವಳು ಬಚ್ಚಲಿನಿಂದ ಬರುವಷ್ಟರಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡು ಹೋಗಿಬಿಟ್ಟಿದ್ದ. ಆಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ಯಾರದೋ ಮನೆಯ ಸಾವಿಗೆ ಬಂದವಳಂತೆ, ಹೇಳಿದ ಕಡೆ ಕುಳಿತು, ಕೊಟ್ಟದ್ದನ್ನು ಹಿಡಿದುಕೊಂಡಿದ್ದಳು. ಮುರಿಯುವ ಮಾತು ಕಿವಿಗೆ ಬಿದ್ದ ಮೇಲೆ ತಟ್ಟೆ ಕೆಳಗಿಟ್ಟಳು.

"ಬಸಣ್ಣ, ಕೈ ತಗಿ."

"ವೈನಿ, ನೀವು ಒಳಗ ನಡೀರಿ. ಇದನ್ನ ಹೆಣಮಕ್ಕಳು ನೋಡೂದಲ್ಲ."

"ತಗಿ ಅಂದ್ನಿ."

*

ಅಡಿವೆಪ್ಪನ ಬಾಳೆಲ್ಲ ನೆಲದ ಮೇಲೆ ಕುಳಿತೇ ನಡೆದದ್ದು. ಹುಬ್ಬಳ್ಳಿಯಲ್ಲಿ ದನಕ್ಕೆ ಹಾಕುವ ಹಿಂಡಿ, ಹತ್ತಿಕಾಳು ಮಾರುವ ಚಿಕ್ಕ ಅಂಗಡಿ. ಅಲ್ಲಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಮನೆಯಲ್ಲಿ ಲಿಂಗಪೂಜೆಗೆ ಚಾಪೆ. ಗರಗದ ಕಡೆ ಬೀಗರ ಮನೆಗೆ ಹೋದರೆ ಪಂಕ್ತಿಯ ಊಟ. ಒಂದು ದಿನ ಹಿಂಡಿಯ ಚೀಲಗಳ ರಾಶಿಯ ಮೇಲಿಂದ ಜಾರಿ ಬಿದ್ದು ಬಲಮೊಣಕಾಲು ಒಡೆಯಿತು. ಆಪರೇಶನ್ ಮಾಡಿದ ಡಾಕ್ಟರು, ವಯಸ್ಸಾಯಿತು, ನಡೆದಾಡಿದರೆ ಸಾಕು ಎಂದರು. ಕಾಲು ಬಡಿಗೆಯ ಹಾಗೆ ನೆಟ್ಟಗಾಯಿತು.

ಗರಗದಲ್ಲಿ ಒಂದು ಪ್ರಸಾದದ ಪಂಕ್ತಿಯಲ್ಲಿ ಯಾರೋ ಕೂಗಿದರು: "ಸಾಹೇಬ್ರಿಗೆ ಟೇಬಲ್ ಹಾಕ್ರಪಾ!" ಎಲ್ಲರೂ ನಕ್ಕರು. ಅಡಿವೆಪ್ಪನೂ ನಕ್ಕ. ತಿರುಗಿ ಬರುವಾಗ ಬಸ್ಸಿನಲ್ಲಿ ಅವನ ಚಾಚಿದ ಕಾಲನ್ನು ಜನ ದಾಟಿ ದಾಟಿ ಹೋಗುತ್ತಿದ್ದರು. ಆಗ ಕಿಟಕಿಯ ಕಡೆ ಮುಖ ಮಾಡಿ ಹೆಂಡತಿಗೆ ಹೇಳಿದ.

"ಸತ್ತಾಗ ಅಪ್ಪನ ಕಾಲೂ ಹಿಂಗ ಸೆಟದಿತ್ತು. ಅಂವನ್ನ ಕುಂಡ್ರಿಸೂವಾಗ ಭುಜಾ ಹಿಡಕೊಂಡಾಂವ ನಾನು. ಬಸಣ್ಣ ಸಣ್ಣಾಂವ ಅಂತ ಹೊರಗ ಕಳಿಸಿದ್ರು. ಮುರದದ್ದು ಕಿವಿಗಿಂತ ಮೊದ್ಲ ನನ್ನ ಕೈಗೆ ಗೊತ್ತಾತು." ತನ್ನ ಮೊಣಕಾಲನ್ನು ಕೈಯಿಂದ ಒತ್ತಿ ನೋಡಿದ. "ನಂದು ಹಂಗ ಆಗೂದು ಬ್ಯಾಡ."

*

ಮಗಳು ವಾಣಿಶ್ರೀ ಅವನನ್ನು ದೇಶಪಾಂಡೆ ನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿಯ ಥೆರಪಿಸ್ಟ್ ಸಲ್ಮಾನ ಮೊಣಕಾಲು ಮುಟ್ಟಿ ನೋಡಿ ಕೇಳಿದ:

"ಏನ್ ಆಗಬೇಕ್ರಿ ಅಜ್ಜಾರ? ನಡೀಬೇಕ? ಗಾಡಿ ಹೊಡೀಬೇಕ?"

"ಸತ್ತಾಗ ಕುಂಡ್ರಬೇಕು."

ಸಲ್ಮಾನನ ಕೈ ನಿಂತಿತು. ಅಡಿವೆಪ್ಪ ತನ್ನವರ ಪದ್ಧತಿ ಹೇಳಿದ. ಪದ್ಮಾಸನ, ಎಡಗೈಯಲ್ಲಿ ಲಿಂಗ, ಕುಳಿತವರನ್ನು ಕುಳಿತ ಹಾಗೆಯೇ ಮಣ್ಣಿಗೆ ಇಳಿಸುವುದು. ಸಲ್ಮಾನ ನಗದೆ ಪೂರ್ತಿ ಕೇಳಿದ.

"ಅವಸರ ಏನಿಲ್ಲಲ್ರಿ? ಹಂಗಾರ ಮೊದ್ಲ ಜೀವಂತ ಇದ್ದಾಗ ಕುಂಡ್ರೂಣು."

ದಿನವೂ ಬಿಸಿನೀರಿನ ಶಾಖ, ಆಮೇಲೆ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸಿ ಜಾರಿಸಿ ಹತ್ತಿರ ತರುವುದು. ಅಡಿವೆಪ್ಪ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಿದ್ದ, ಕಾಲೂ ಬಿಗಿಯುತ್ತಿತ್ತು.

"ಏ ಹಲ್ಕಟ್, ಮುರೀತಿಯೇನಲೇ!"

"ಹಾಂ, ಬೈರಿ ಅಜ್ಜಾರ, ಬೈರಿ! ಬೈಯೂವಾಗ ಉಸುರು ಹೊರಗ ಬರತೈತಿ. ಉಸುರು ಬಿಟ್ರ ಕಾಲೂ ಬಿಡತೈತಿ, ನೋಡ್ರಿ."

ಖರೆಯೇ ಬಿಡುತ್ತಿತ್ತು. ಮನೆಯಲ್ಲಿ ಮಾಡಿಸುವ ಕೆಲಸವನ್ನು ಸಲ್ಮಾನ ಚನ್ನಬಸವ್ವನಿಗೆ ಕಲಿಸಿದ. ಒಂದು ಕೈ ಹಿಮ್ಮಡಿಗೆ, ಇನ್ನೊಂದು ಮೊಣಕಾಲ ಕೆಳಗೆ, ಅಂಗೈ ಮೇಲೆ ಮಾಡಿ ಚಾಪೆಯ ಮೇಲೆ. "ಮಣಕಾಲಿಗೂ ಚಾಪಿಗೂ ನಡಕ ಎಷ್ಟು ಜಾಗಾ ಐತಿ, ಅದನ್ನ ನಿಮ್ಮ ಕೈ ಹೇಳಬೇಕ್ರಿ ಅವ್ವಾರ. ಅಜ್ಜಾರು ಸುಳ್ಳ ಹೇಳತಾರ."

ಮೊದಮೊದಲು ಮುಷ್ಟಿ ಕಟ್ಟಿದ ಕೈ ಆ ಸಂದಿಯಲ್ಲಿ ಸಲೀಸಾಗಿ ಆಡುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬಿಚ್ಚಿದ ಅಂಗೈ ಮಾತ್ರ ಹಿಡಿಸುತ್ತಿತ್ತು. ಆಮೇಲೆ ಬೆರಳು. ಒಂದು ಬೆಳಿಗ್ಗೆ ಗಂಡ ಪೂಜೆಗೆ ಕುಳಿತಾಗ ಅವಳು ಮೆಲ್ಲಗೆ ಕೈ ತೂರಿಸಲು ನೋಡಿದಳು. ಹೋಗಲಿಲ್ಲ. ಮೊಣಕಾಲು ಚಾಪೆಗೆ ಮುಟ್ಟಿತ್ತು.

ಅಡಿವೆಪ್ಪ ಒಂದು ಕಣ್ಣು ತೆರೆದ. "ಪೂಜಿ ಮಾಡೂವಾಗೂ ಪರೀಕ್ಷಾ ಏನ?"

ಅಂದು ಅಂಗಡಿ ತೆರೆಯದೆ ಕ್ಲಿನಿಕ್ಕಿಗೆ ಹೋಗಿ, ಕಾಯುವವರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಸಲ್ಮಾನ ಹೊರಗೆ ಬಂದು ನೋಡಿದ.

"ಕುರ್ಚಿ ಖಾಲಿ ಅದಾವಲ್ರಿ ಅಜ್ಜಾರ?"

"ಅವು ಕಾಲ ಸರಿ ಇಲ್ಲದವರಿಗೆ."

*

"ದಿನಾ ಪೂಜಿಗೆ ಕುಂಡರತಿದ್ರು," ಎಂದಳು ಚನ್ನಬಸವ್ವ. "ಆ ಕಾಲಿಗೆ ಜೋರ ಮಾಡಿದ್ರ ಬರೂದಿಲ್ಲ. ವಾಣಿ, ಬಿಸಿನೀರಾಗ ಅರಬಿ ಹಿಂಡಿ ತಾ."

ವಾಣಿಶ್ರೀ ತಂದಳು. ಚನ್ನಬಸವ್ವ ಬಿಸಿ ಬಟ್ಟೆಯನ್ನು ಗಂಡನ ಮೊಣಕಾಲಿಗೆ ಸುತ್ತಿ, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಳು. ವಿಧಿ ನಡೆಸಲು ಬಂದಿದ್ದ ಚನ್ನಯ್ಯಸ್ವಾಮಿಗಳು ಮಂತ್ರ ನಿಲ್ಲಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಸಲ್ಮಾನ ಕಾಣಿಸಿದ. ವಾಣಿಶ್ರೀ ಫೋನ್ ಮಾಡಿದ್ದಳು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತಿದ್ದ.

"ಒಳಗ ಬಾರಪಾ," ಎಂದರು ಸ್ವಾಮಿಗಳು. "ಬಾಗಲಾ ಮುಚ್ಚಿಕೊಂಡ ನಿಂತ್ರ ನಮಗ ಗಾಳಿ ಹೆಂಗ ಬರಬೇಕು?"

"ಡಾಕ್ಟರ್, ಈ ಕಾಲ ನೀವ ಹಿಡೀರಿ," ಎಂದ ಬಸಣ್ಣ, ಜಾಗ ಬಿಟ್ಟು ಸರಿಯುತ್ತ.

ಸಲ್ಮಾನ ಚನ್ನಬಸವ್ವನ ಕೈ ನೋಡಿದ. "ಬ್ಯಾಡ್ರಿ. ಅವ್ವಾರಿಗೆ ರೂಢಿ ಐತಿ."

ಅವಳು ಬಟ್ಟೆ ತೆಗೆದಳು. ಬಲಗೈಯಿಂದ ಹಿಮ್ಮಡಿ ಹಿಡಿದು, ಎಡಗೈಯನ್ನು ಅಂಗೈ ಮೇಲೆ ಮಾಡಿ ಮೊಣಕಾಲ ಕೆಳಗೆ ಚಾಪೆಯ ಮೇಲಿಟ್ಟಳು. ಹಿಮ್ಮಡಿಯನ್ನು ಮೆಲ್ಲಗೆ ಜಾರಿಸಿದಳು. ಕಾಲು ಅರ್ಧಕ್ಕೆ ಬಂದು, ಬಸಣ್ಣನ ಕೈಯಲ್ಲಿ ನಿಂತಿದ್ದಲ್ಲಿಯೇ ನಿಂತಿತು. ಅದು ದಿನವೂ ನಿಲ್ಲುತ್ತಿದ್ದ ಜಾಗ.

"ಉಸುರು ಬಿಡ್ರಿ," ಎಂದಳು.

ಅವಳು ಕಾದಳು. ಉಸಿರು ಬರಬೇಕು, ಅದರ ಜೊತೆಗೊಂದು ಬೈಗುಳ ಬರಬೇಕು, ಆಮೇಲೆ ಕಾಲು ಬಿಡಬೇಕು. ವಾಣಿಶ್ರೀ ಗೋಡೆಯ ಕಡೆ ತಿರುಗಿದಳು. ಚನ್ನಬಸವ್ವ ದಿನವೂ ಕಾಯುತ್ತಿದ್ದಷ್ಟು ಹೊತ್ತು ಕಾದು, ಹಿಮ್ಮಡಿಯನ್ನು ಸ್ವಲ್ಪ ಒಳಗೆ ತಿರುಗಿಸಿದಳು.

ಕಾಲು ಮಡಿಚಿತು. ಮೊಣಕಾಲು ಸಾವಕಾಶ ಇಳಿದು ಅವಳ ಅಂಗೈ ಮೇಲೆ ಕುಳಿತಿತು.

ಬಸಣ್ಣ ಬಗ್ಗಿ ಅಣ್ಣನ ಮೊಣಕಾಲು ನೋಡಿದ. "ಮುರೀಲಿಲ್ಲ," ಎಂದ ತನ್ನಷ್ಟಕ್ಕೆ.

ಹಣೆಗೆ ವಿಭೂತಿ ಬಂತು. ಎಡಗೈಯಲ್ಲಿ ಲಿಂಗ ಬಂತು. ಭಜನೆಯವರು ಬಂದು ತಾಳ ಹಿಡಿದರು. ಓಣಿಯವರು ಒಬ್ಬೊಬ್ಬರಾಗಿ ಹೂ ಹಾಕಿ, "ಪೂಜಿಗೆ ಕುಂತಂಗ ಕಾಣತಾನ" ಎಂದು ಹೇಳಿ ಹೋದರು. ಚನ್ನಬಸವ್ವ ಪಕ್ಕದಲ್ಲಿ ಹಾಗೆಯೇ ಇದ್ದಳು. ಸೆರಗು ಮುಚ್ಚಿದ್ದರಿಂದ ಅವಳ ಎಡಗೈ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಹೊತ್ತು ಇಳಿಯುವಾಗ, ಶವ ಕೂರಿಸಿ ಒಯ್ಯಲು ಬಾಳೆಯ ಕಂಬ ಕಟ್ಟಿದ ವಿಮಾನ ಗಾಡಿಯ ಮೇಲೆ ಬಾಗಿಲಿಗೆ ಬಂತು. ಅಡಿವೆಪ್ಪನ ಹುಟ್ಟೂರು ಉಪ್ಪಿನಬೆಟಗೇರಿಯ ಹೊಲದಲ್ಲಿ ಗುಣಿ ತೆಗೆದು ಜನ ಕಾಯುತ್ತಿದ್ದರು.

"ಹೊತ್ತಾತವಾ," ಎಂದರು ಸ್ವಾಮಿಗಳು. "ಎತ್ತಬೇಕು. ಕೈ ತಗೀರಿ."

"ತಗದೇನಲ್ರಿ," ಎಂದಳು ಅವಳು.

ಕೈ ಅಲ್ಲಿಯೇ ಇತ್ತು. ಅದು ತನ್ನದೆಂಬ ಅರಿವು ಅವಳಿಗೆ ಇರಲಿಲ್ಲ. ಸಲ್ಮಾನ ಬಗ್ಗಿ ಮೊಣಕಾಲನ್ನು ಕೂದಲೆಳೆಯಷ್ಟು ಎತ್ತಿದ. ವಾಣಿಶ್ರೀ ಆ ಕೈಯನ್ನು ಹೊರಗೆಳೆದು ತಾಯಿಯ ತೊಡೆಯ ಮೇಲಿಟ್ಟಳು. ಮೊಣಕಾಲು ಚಾಪೆಗೆ ತಾಗಿತು. ನಾಲ್ಕು ಜನ ಅಡಿವೆಪ್ಪನನ್ನು ಕುಳಿತ ಹಾಗೆಯೇ ಎತ್ತಿದರು. ತಾಳದ ಸಪ್ಪಳ ಓಣಿಯ ತಿರುವಿನಲ್ಲಿ ಸಣ್ಣದಾಯಿತು.

ಚನ್ನಬಸವ್ವ ಕೈ ಮಗುಚಿ ನೋಡಿದಳು. ಹಿಂಗೈ ತುಂಬ ಚಾಪೆಯ ಹೆಣಿಗೆ ಒಂದೊಂದು ಎಳೆಯೂ ಕಾಣುವ ಹಾಗೆ ಮೂಡಿತ್ತು. ರಕ್ತ ಆಡಲೆಂದು ವಾಣಿಶ್ರೀ ಅದನ್ನು ತಿಕ್ಕಲು ಹೋದಳು.

"ಇರ್ಲಿ ಬಿಡು," ಎಂದು ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.