ಎತ್ತುವ ತೋಳು

ಮಾಗಿಯ ಚಳಿ, ಇನ್ನೂ ಹೊತ್ತು ಹುಟ್ಟಿರಲಿಲ್ಲ. ಪ್ರೇಮಕುಮಾರ ರೋಹಿಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಆಟ ಅಷ್ಟಕ್ಕೇ ಮುಗಿಯುವಂತಿದ್ದರೆ ಅವನೇ ಗೆದ್ದಂತೆ.

ನವನಗರದ ಸಿಮೆಂಟಿನ ಅಂಗಳದಲ್ಲಿ ಅವನ ಬೂಟಿನ ಗಾಲಿಗಳು ಸಣ್ಣಗೆ ನರಳುತ್ತಿದ್ದವು. ಅವಳ ಭಾರ ಅಂಗೈಗೆ ಗೊತ್ತಾಗುತ್ತಿತ್ತು. ಹೋದ ವರ್ಷಕ್ಕಿಂತ ಹೆಚ್ಚು. ಅವನ ತೋಳಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಆ ಹೆಚ್ಚಿನ ಭಾರವನ್ನು ಬೇರೆ ಯಾರೋ ಉಣಿಸಿ ಇವಳ ಮೈಗೆ ಹತ್ತಿಸಿದ್ದಾರೆ ಎಂಬುದು ಚುಚ್ಚಿತು.

"ಇಳಸು," ಎಂದಳು ಸ್ಕೇಟಿಂಗ್ ಕಲಿಸುವ ನಾಗರತ್ನಾ ಮೇಡಂ, ಕಟ್ಟೆಯ ಮೇಲಿಂದ. "ಈಗ ಜಿಗಿತ. ಇಬ್ಬರೂ ಒಮ್ಮಿಗೇ."

ರೋಹಿಣಿ ಮೇಲೆದ್ದಳು, ಗಾಳಿಯಲ್ಲಿ ಸುತ್ತಿದಳು, ಒಂದೇ ಕಾಲಮೇಲೆ ಇಳಿದು ಹಿಂದಕ್ಕೆ ಜಾರಿಹೋದಳು. ಪ್ರೇಮಕುಮಾರ ಅರ್ಧ ಸುತ್ತಿ ಎರಡೂ ಕಾಲಮೇಲೆ ಬಿದ್ದ. ಜೋಳದ ಚೀಲ ಒಗೆದ ಸದ್ದಾಯಿತು.

ಗೋಡೆಯ ಬದಿಗೆ ಕೂತು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ ಸಂಗಮೇಶ ನಗಲಿಲ್ಲ. ನಕ್ಕಿದ್ದರೆ ಅವನ ಮೇಲೆ ಸಿಟ್ಟಾಗಬಹುದಿತ್ತು.

ರಾಜ್ಯಮಟ್ಟದ ಪಂದ್ಯಕ್ಕೆ ಇವತ್ತು ಸಂಜೆಯೇ ಹೊರಡಬೇಕು. ರೋಹಿಣಿಯ ಜೋಡಿಗಾರರೆಂದು ಇಬ್ಬರ ಹೆಸರೂ ಹೋಗಿವೆ. ಆಡುವವನು ಒಬ್ಬನೇ. ಬೆಳಗ್ಗೆ ನೋಡಿ ಹೇಳುತ್ತೇನೆ ಎಂದಿದ್ದಳು ಮೇಡಂ.

ಈ ಮೈಯನ್ನು ಅವನು ಬೆಳೆಸಿದ್ದೇ ರೋಹಿಣಿಗಾಗಿ. ಆಷಾಢದಲ್ಲಿ ಅವಳನ್ನು ಎತ್ತಿದಾಗ ತೋಳು ನಡುಗಿದ್ದವು. "ಕಸುವು ಮಾಡ್ಕೋಪಾ," ಎಂದಿದ್ದಳು ಮೇಡಂ. ಹೇಗೆ ಎಂದು ಕೇಳಬೇಕಿತ್ತು. ಎಂ.ಎಸ್ಸಿ. ಓದಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ಕೇಳಲಿಲ್ಲ. ಅವನ ಓಣಿಯಲ್ಲಿ ಕಸುವು ಎಂದರೆ ಗರಡಿ ಮನೆ, ಅದರಲ್ಲಿ ಕೇಳುವುದೇನು?

"ಯಾರ ಜೋಡಿ ಕುಸ್ತಿ?" ಎಂದಿದ್ದ ಗರಡಿಯ ಉಸ್ತಾದ ದಸ್ತಗೀರಸಾಬ.

"ಕುಸ್ತಿ ಅಲ್ರಿ. ಒಬ್ಬಾಕಿನ್ನ ಎತ್ತಬೇಕ್ರಿ."

"ಎತ್ತಿ ಒಗಿಯಾಕ?"

"ಅಲ್ರಿ. ಎತ್ತಿ ಹಿಡಿಯಾಕ."

ಉಸ್ತಾದ ಗಡ್ಡ ನೀವಿಕೊಂಡು ಬಹಳ ಹೊತ್ತು ಯೋಚಿಸಿದ. "ಅದಕ್ಕೂ ಅಷ್ಟ ತಿನ್ನಬೇಕು," ಎಂದ.

ತಿಂದ. ಕೆಮ್ಮಣ್ಣಿನಲ್ಲಿ ದಂಡ ಹೊಡೆದ, ಬೈಠಕ್ ಹಾಕಿದ, ಬಾದಾಮಿ ಅರೆದ ಹಾಲು ಕುಡಿದ, ಅಮೀನಗಡದ ಕರದಂಟು ತುಪ್ಪದಲ್ಲಿ ಅದ್ದಿ ತಿಂದ. ದಸರೆಯ ಹೊತ್ತಿಗೆ ಅಂಗಿಯ ಕಂಕುಳು ಹರಿಯಿತು. ಹುಡುಗರು ಪೈಲವಾನ ಸರ್ ಎನ್ನತೊಡಗಿದರು. ಬೇಡವೆನ್ನಲಿಲ್ಲ. ಮೊದಲು ಮನಸ್ಸಿಗಿಂತ ಮುಂದಾಗಿ ತಿರುಗುತ್ತಿದ್ದ ಕಾಲು ಮಾತ್ರ ಈಗ ಕೇಳಿ ಕೇಳಿ ತಿರುಗುತ್ತಿತ್ತು.

ಆ ದಿನಗಳಲ್ಲಿ ರೋಹಿಣಿ ಅರ್ಧ ರೊಟ್ಟಿ ತಿನ್ನುತ್ತಿದ್ದಳು. "ನಿನ್ನ ಹೊತ್ತು ಹೊತ್ತು ನನ್ನ ಹೆಗಲು ಹ್ವಾದ್ವು," ಎಂದು ಅವನೇ ಒಮ್ಮೆ ನಗೆಯಾಡಿದ್ದ. ಅವಳೂ ನಕ್ಕಿದ್ದಳು. ಮರುದಿನದಿಂದ ಅರ್ಧ ರೊಟ್ಟಿ. ಅವನಿಗೆ ತಿಳಿದಿತ್ತು. ತನಗಾಗಿ ಒಬ್ಬಳು ಹಸಿದಿರುತ್ತಾಳೆ ಎಂಬುದು ಒಳಗೊಳಗೇ ಸಿಹಿಯಾಗಿತ್ತು.

ದೀಪಾವಳಿಗೆ ಮುಂಚೆ ಅವಳು ಕಣ್ಣು ಕತ್ತಲೆ ಬಂದು ಇದೇ ಸಿಮೆಂಟಿನ ಮೇಲೆ ಬಿದ್ದಳು. "ಉಣ್ಣದಾಕಿ ಇನ್ನ ಬೂಟು ಕಟ್ಟಬ್ಯಾಡ," ಎಂದಳು ಮೇಡಂ. ಜಿಗಿತದ ಅಭ್ಯಾಸಕ್ಕೆ ಚೊಳಚಗುಡ್ಡದ ಸಂಗಮೇಶನನ್ನು ಜೊತೆ ಹಾಕಿದಳು. ಒಣಕಲು ಹುಡುಗ. ಬನಶಂಕರಿ ಹೊಂಡದ ಮೆಟ್ಟಿಲನ್ನು ಒಂಟಿಕಾಲಲ್ಲಿ ಹತ್ತಿ ಇಳಿದು ತೊಡೆ ಗಟ್ಟಿ ಮಾಡಿಕೊಂಡವನು.

ಈಗ ಸಂಗಮೇಶ ಡಬ್ಬಿ ಬಿಚ್ಚಿದ. ರೊಟ್ಟಿ, ಮೊಸರು, ಶೇಂಗಾ ಹಿಂಡಿ, ಮಡಿಕೆ ಕಾಳಿನ ಪಲ್ಯ. ರೋಹಿಣಿ ಮುರಿದು ಮುರಿದು ತಿಂದಳು. "ಇನ್ನೊಂದ ಕೊಡು," ಎಂದು ಕೈ ಚಾಚಿದಳು.

ಅವಳ ದವಡೆ ಆಡುವುದನ್ನು ಪ್ರೇಮಕುಮಾರ ನೋಡುತ್ತ ನಿಂತ. ಇವಳು ಇಷ್ಟು ಉಣ್ಣಬಲ್ಲಳು ಎಂದು ಅವನಿಗೆ ಗೊತ್ತಿರಲಿಲ್ಲ.

"ಬರ್ರಿ, ಉಣ್ರಿ," ಎಂದ ಸಂಗಮೇಶ.

"ಒಲ್ಲೆ."

"ಅಣ್ಣಾ ಗರಡ್ಯಾಗ ಉಂಡು ಬಂದಿರ್ತಾನ," ಎಂದಳು ರೋಹಿಣಿ. "ನಿನ್ನ ಡಬ್ಬಿ ಅವನ ಹಲ್ಲಿಗೂ ಸಾಲಂಗಿಲ್ಲ."

ಅವನನ್ನು ಅವಳು ಅಣ್ಣಾ ಎಂದದ್ದು ಅದೇ ಮೊದಲು.

"ಭಾರ ಆಗೀದಿ," ಎಂದ ಪ್ರೇಮಕುಮಾರ.

"ಹೂಂ. ಕಾಲಿಗೆ ಬೇಕಲಾ."

"ಅವ ಎತ್ತತಾನಾ?"

"ನಾ ಜಿಗಿತೇನಿ, ಅವ ಹಿಡೀತಾನ. ನಿನ್ನಂಗಲ್ಲ."

"ಅಂದ್ರ?"

"ಏನಿಲ್ಲ ಬಿಡು." ಅವಳು ಬೆರಳಿಗೆ ಹತ್ತಿದ ಮೊಸರು ನೆಕ್ಕಿಕೊಂಡಳು.

ಅವರಿಬ್ಬರ ಸರದಿ ಬಂತು. ಸಂಗಮೇಶ ಎತ್ತಿದಾಗ ಅವನ ಸಣ್ಣ ತೋಳು ನಡುಗಿದ್ದನ್ನು ಪ್ರೇಮಕುಮಾರ ಕಂಡ. ಸೋಲಲಿ ಎಂದುಕೊಂಡ. ಅಷ್ಟಕ್ಕೆ ನಿಲ್ಲಲಿಲ್ಲ, ತೋಳು ಜಾರಿ, ಅವಳ ತಲೆ ಸಿಮೆಂಟಿಗೆ ಬಡಿಯುವುದೂ ಕಣ್ಣಿಗೆ ಕಟ್ಟಿತು. ಓಡಿ ಹೋಗಿ ಎತ್ತಿಕೊಳ್ಳುವವನು ತಾನೇ. ಅವಳು ಮೊದಲಿನ ಹಾಗೆ ಹಗುರ.

ತೋಳು ಜಾರಲಿಲ್ಲ. ಇಬ್ಬರೂ ಜಿಗಿದರು, ಸುತ್ತಿದರು, ಇಳಿದರು. ಗಾಲಿಗಳ ಸದ್ದು ಒಂದೇ ಆಗಿ ಕೇಳಿತು.

"ಪ್ರೇಮಕುಮಾರ, ಈ ಸಲ ನೀ ಬ್ಯಾಡ," ಎಂದಳು ಮೇಡಂ. "ಮೈ ಇಳಸು. ಮುಂದಿನ ವರ್ಷ ನೋಡೂಣು."

"ಕಸುವು ಮಾಡ್ಕೋ ಅಂದವರು ನೀವ."

"ಕಸುವು ಅಂದೆ. ಮೈ ಬೆಳಸು ಅಂದಿದ್ದಿಲ್ಲ. ಒಂದ ಮಾತು ಕೇಳಿದ್ರ ನಿನ್ನ ಗಂಟೇನ ಹೋಗತಿತ್ತು?"

ಮಧ್ಯಾಹ್ನ ಅವನು ಕಾಲೇಜಿನಲ್ಲಿ ತಿರುಗುವ ವಸ್ತುಗಳ ಪಾಠ ಮಾಡಿದ. ಭಾರ ನಡುವಿನಿಂದ ದೂರ ಸರಿದಷ್ಟೂ ತಿರುಗಿಸುವುದು ಕಷ್ಟ ಎಂದು ಹಲಗೆಯ ಮೇಲೆ ಬರೆದ. ಅಕ್ಷರ ದುಂಡಗೆ ಬಂದವು.

ಸಂಜೆ ಹೋಗಬಾರದೆಂದೇ ಇದ್ದ. ಹೋದ. ಹುಬ್ಬಳ್ಳಿಯತನಕ ಹೋಗುವ ಕ್ರೂಸರ್ ಗಾಡಿ ರಸ್ತೆಯ ಬದಿಗೆ ನಿಂತಿತ್ತು. ಮಗಳನ್ನು ಕಳಿಸಲು ಬಂದಿದ್ದ ರೋಹಿಣಿಯ ತಾಯಿ ಶಾರವ್ವ ಇವನನ್ನು ಕಂಡದ್ದೇ ಮುಖ ಅರಳಿಸಿದಳು.

"ಚೊಲೋ ಟೈಮಿಗೆ ಬಂದ್ಯಪಾ. ಈ ಸಾಮಾನು ಒಂಚೂರು ಗಾಡಿ ಮ್ಯಾಲ ಏರಸು. ಆ ಹುಡುಗನ ಕೈಲೆ ಆಗವಲ್ದು."

ಪ್ರೇಮಕುಮಾರ ಎತ್ತಿದ. ಮೇಡಂನ ಪೆಟ್ಟಿಗೆ, ಸಂಗಮೇಶನ ಚೀಲ, ಬೂಟಿನ ಗಂಟು. ಒಂದೊಂದನ್ನೂ ತಲೆಯ ಮೇಲಕ್ಕೆ ಹಿಡಿದ. ಗಾಡಿಯ ಮೇಲೆ ಕೂತ ಡ್ರೈವರ್ ಎಳೆದುಕೊಂಡ. "ಹೂವು ಎತ್ತಿದಂಗ ಎತ್ತೀರಲ್ರಿ," ಎಂದ ಡ್ರೈವರ್. ಕೊನೆಯದು ರೋಹಿಣಿಯ ಚೀಲ. ಅದರಲ್ಲಿ ರೊಟ್ಟಿಯ ವಾಸನೆ ಇತ್ತು.

"ಬರ್ತೇವಿ ಅಣ್ಣಾ," ಎಂದಿತು ಒಳಗಿನಿಂದ ಒಂದು ದನಿ. ಯಾರದೆಂದು ತಿಳಿಯಲಿಲ್ಲ.

ರೋಹಿಣಿ ಹೋದಳು, ಗುರುವಾರ, ದೀಪ ಹಚ್ಚುವ ಹೊತ್ತಿಗೆ. ಶಾರವ್ವ ಸೆರಗು ಕೊಡವಿಕೊಂಡು ಮನೆಯ ಹಾದಿ ಹಿಡಿದಳು.

ಚೀಲ ಏರಿಸಿದ ಅವನ ಕೈಗಳು ಇನ್ನೂ ಮೇಲೆಯೇ ಇದ್ದವು. ಬೀಳ್ಕೊಡಲು ಎತ್ತಿದ್ದಲ್ಲ, ಇಳಿಸುವುದು ಎಲ್ಲಿಗೆಂದು ತೋಚಲಿಲ್ಲ.

ಇನ್ನೊಂದು ಕ್ರೂಸರ್ ಬಂದು ಅವನ ಮುಂದೆ ನಿಂತಿತು.

"ಎಲ್ಲಿಗ್ರಿ? ಕುಳಗೇರಿ ಕ್ರಾಸೇನು? ಹತ್ರಿ ಲಗೂನ."

ಅವನು ಕೈ ಇಳಿಸದೆಯೇ ಅಡ್ಡಡ್ಡ ತಲೆಯಾಡಿಸಿದ.

"ಮತ್ತ್ಯಾಕ ಕೈ ಎತ್ತೀರಿ?" ಎಂದು ಗೊಣಗಿ ಡ್ರೈವರ್ ಗಾಡಿ ಬಿಟ್ಟ. ಅದರ ಹಿಂದೆ ಬರುತ್ತಿದ್ದ ಗಾಡಿ, ಅವನನ್ನು ಕಂಡು, ನಿಧಾನವಾಯಿತು.