ಕದ್ದಾಲಿಸಿದ ದನಿ

ಮೇಜಿನ ಮೇಲಿದ್ದ ಪುಟ್ಟ ಯಂತ್ರದ ಧೂಳನ್ನು ಅಧಿಕಾರಿ ತನ್ನ ಕರವಸ್ತ್ರದಿಂದ ಒರೆಸಿದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಹಾರ್ಮೋನಿಯಂ ಮುಂದೆ ಕೂತವನ ಹಾಗೆ, ಅವಸರವಿಲ್ಲದೆ ಒರೆಸಿದ.

ನಮ್ಮೂರ ಹೊಸ ಸೇತುವೆ ಕುಸಿದು ಜನ ಸತ್ತಿದ್ದರು. ಅದರ ಕಂಬಗಳಲ್ಲಿ ಸಿಮೆಂಟಿಗಿಂತ ಮರಳೇ ಹೆಚ್ಚಿತ್ತೆಂದು ನಾನು ಪತ್ರಿಕೆಯಲ್ಲಿ ಬರೆದಿದ್ದೆ. ಆ ಸಂಗತಿ ತಿಳಿಸಿದವರು ಸರ್ಕಾರಿ ಎಂಜಿನಿಯರೊಬ್ಬರು. ಫೋನು ಮುಟ್ಟದೆ, ತರಕಾರಿ ಸಂತೆಯ ಗದ್ದಲದಲ್ಲಿ ನಿಂತು ಹೇಳಿದ್ದರು. ಅವರ ಹೆಸರು ಬೇಕೆಂದು ನನ್ನನ್ನು ಗುಪ್ತಚರ ಕಚೇರಿಗೆ ಕರೆಸಿದ್ದರು.

"ಹೇಳೋದಿಲ್ಲ," ಎಂದೆ.

"ಮೇಡಂ, ನಿಮ್ಮ ವಿಷಯದಲ್ಲಿ ನಮಗೆ ಗೊತ್ತಿಲ್ಲದ್ದು ಅದೊಂದೇ," ಎಂದು ಅಧಿಕಾರಿ ಗುಂಡಿ ಒತ್ತಿದ.

"ಮಗಾ, ಉಂಡ್ಯಾ? ಡಾಕ್ಟರು ಹೊಟ್ಟೇಲಿ ಗಡ್ಡೆ ಇದೆ ಅಂದ್ರು ಕಣೇ. ಮುಕುಂದನಿಗೆ ಹೇಳಬೇಡ. ಪಾಪ, ಅವನ ಪರೀಕ್ಷೆ ಮುಗೀಲಿ."

ಅಮ್ಮ! ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆ ಗಡ್ಡೆಯಿಂದಲೇ ಅಮ್ಮ ತೀರಿಕೊಂಡು ವರ್ಷ ಕಳೆದಿತ್ತು. ಸೇತುವೆ ಕುಸಿದದ್ದು ಮೊನ್ನೆ ಮೊನ್ನೆ. ಅಂದರೆ ಸೇತುವೆಯ ಬಗ್ಗೆ ನಾನು ಒಂದಕ್ಷರ ಬರೆಯುವುದಕ್ಕೆ ಎಷ್ಟೋ ಮೊದಲೇ ಇವರು ನಮ್ಮ ಮನೆಯೊಳಗೆ ಕಿವಿಯಿಟ್ಟು ಕೂತಿದ್ದರು. ಹೆತ್ತ ಮಗನಿಂದ ಮುಚ್ಚಿಟ್ಟ ಮಾತನ್ನು ಈ ಅಪರಿಚಿತ ಕೇಳಿದ್ದ, ಬಹುಶಃ ಚಹಾ ಕುಡಿಯುತ್ತಾ. ಮೈಯೆಲ್ಲ ಉರಿಯಿತು. ಬೈಯಬೇಕೆಂದು ಬಾಯಿ ತೆರೆದರೆ ಬಂದ ಮಾತೇ ಬೇರೆ.

"ಇನ್ನೊಮ್ಮೆ ಹಾಕಿ."

ಮನೆಯಲ್ಲಿ ಅಮ್ಮನ ಫೋಟೋಗಳಿದ್ದವು. ದನಿ ಎಲ್ಲೂ ಇರಲಿಲ್ಲ.

ಅಧಿಕಾರಿ ನನ್ನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಗಿಹೋಯಿತು. "ಇಂಥವು ಬೇಕಾದಷ್ಟಿವೆ ಮೇಡಂ. ನಿಮ್ಮ ತಾಯಿ ಹಾಡೂ ಹೇಳ್ತಿದ್ರು, ಅಲ್ವಾ? ಒಂದು ಹೆಸರು ಹೇಳಿ, ಎಲ್ಲಾ ನಿಮಗೇ ಕೊಟ್ಟುಬಿಡ್ತೀನಿ."

ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಎದ್ದು ಹೊರಬಂದೆ. ಕಚೇರಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ.

ಆಮೇಲೆ ನ್ಯಾಯಾಲಯ, ವರ್ಷಗಟ್ಟಲೆ ಅಲೆದಾಟ. ಕೊನೆಗೆ ತೀರ್ಪು ಬಂತು. ಕದ್ದಾಲಿಕೆ ಕಾನೂನುಬಾಹಿರ, ಧ್ವನಿಮುದ್ರಿಸಿಕೊಂಡದ್ದನ್ನೆಲ್ಲ ನಾಶಪಡಿಸಬೇಕು, ಯಾರ ಬಳಿಯೂ ಒಂದು ಪ್ರತಿ ಉಳಿಯಕೂಡದು. ಅರ್ಜಿಯಲ್ಲಿ ನಾವೇ ಬೇಡಿದ್ದ ಮಾತುಗಳವು. ಆ ಸಂಜೆಯೇ ಎಲ್ಲವನ್ನೂ ಅಳಿಸಿದರಂತೆ. ಮರುದಿನ ನಮ್ಮ ವಕೀಲರಾದ ಲಲಿತಾಂಬ ನ್ಯಾಯಾಲಯದ ಅಂಗಳದಲ್ಲಿ ಎಲ್ಲರಿಗೂ ಪೇಡೆ ಹಂಚಿದರು.

ತಮ್ಮ ಮುಕುಂದ ಒಂದು ಪಕ್ಕಕ್ಕೆ ನಿಂತಿದ್ದ. "ಗೆದ್ವಲ್ಲಕ್ಕಾ," ಎಂದ. ಆಮೇಲೆ ಕೈಯಲ್ಲಿದ್ದ ಪೇಡೆಯನ್ನೇ ನೋಡುತ್ತಾ ಕೇಳಿದ, "ಅದರಲ್ಲಿ ಅಮ್ಮ ನನ್ನ ಹೆಸರು ಹೇಳಿದ್ಲಾ?"

"ಹೇಳಿದ್ಲು ಕಣೋ."

ಅವನು ತಲೆಯಾಡಿಸಿದ. ತಿನ್ನದೆ ಹಿಡಿದಿದ್ದ ಪೇಡೆ ಅವನ ಬೆರಳುಗಳ ನಡುವೆ ಪುಡಿಪುಡಿಯಾಗಿ ಉದುರುತ್ತಿತ್ತು.