ದಾಕ್ಷಿಣ್ಯದ ಸರಪಳಿ

ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಯಾವ ಮೆಣಸಿನಕಾಯಿ ಚೀಲ ಯಾವ ಕೋಣೆಗೆ ಹೋಗಬೇಕೆಂದು ಹೇಳುವ ಪ್ರೋಗ್ರಾಂ ಬರೆದವನು ಕಿರಣಕುಮಾರ. ಒಳ್ಳೆಯ ಮನುಷ್ಯ, ಅದೇ ಅವನ ರೋಗ. ದಲಾಲಿ ಅಂಗಡಿಯ ಅಜ್ಜಪ್ಪನವರು ಹೆಗಲ ಮೇಲೆ ಕೈಹಾಕಿ, “ತಮ್ಮಾ, ನಮ್ಮ ಮಾಲು ಒಂದನೇ ಕೋಣಿಗೇ ಹೋಗ್ಬೇಕ ನೋಡು” ಎಂದರೆ ಮುಗಿಯಿತು. ಪ್ರೋಗ್ರಾಮಿನ ನೆತ್ತಿಯ ಮೇಲೆ ‘ಹೀಗಿದ್ದರೆ ಹಾಗೆ ಮಾಡು’ ಎಂಬ ಸಾಲೊಂದನ್ನು ಏರಿಸುವನು. ನಾಳೆ ಇನ್ನೊಬ್ಬ ದಲಾಲಿ, ಅದರ ಮೇಲೆ ಇನ್ನೊಂದು ಸಾಲು. ಬರಬರುತ್ತ ಅದು ಹನುಮಂತನ ಬಾಲವಾಯಿತು. ಎಲ್ಲಿ ಮುಟ್ಟಿದರೆ ಎಲ್ಲಿ ಅಲುಗುತ್ತದೋ, ಬರೆದವನಿಗೇ ಗೊತ್ತಿಲ್ಲ!

ಈ ಸುಗ್ಗಿಯಲ್ಲಿ ಅದು ಕೈಕೊಟ್ಟಿತು. ಅಜ್ಜಪ್ಪನವರ ಅಂಗಡಿಯಿಂದ ಸರಿಯಾಗಿ ಆರದ ಕಾಯಿ ಬಂತು. ಅಂಥದ್ದನ್ನು ಬೇರೆ ಇಡಬೇಕೆಂಬ ನಿಯಮ ಕೆಳಗೆಲ್ಲೋ ಇತ್ತು. ಪ್ರೋಗ್ರಾಂ ಅಲ್ಲಿಯವರೆಗೆ ಇಳಿಯಲೇ ಇಲ್ಲ. ಮೇಲೆಯೇ ಅಜ್ಜಪ್ಪನವರ ಹೆಸರು ಕಂಡು ಒಂದನೇ ಕೋಣೆಗೆ ಕಳಿಸಿಬಿಟ್ಟಿತು. ಪಕ್ಕದ ಒಣ ಚೀಲಗಳಿಗೂ ಬೂಷ್ಟು ಹಿಡಿಯಿತು. ಮಾಲೀಕ ಗುಡದಪ್ಪ ಕೆಂಡವಾದರು.

“ಸೋಮವಾರದ ಪ್ಯಾಟಿ ಅಂಬೂದ್ರಾಗ ಸರಿ ಆಗ್ಲಿಲ್ಲಂದ್ರ ನಿನ್ನ ಪ್ರೋಗ್ರಾಮೂ ಬ್ಯಾಡ, ನೀನೂ ಬ್ಯಾಡ!”

ಕಿರಣಕುಮಾರ ತಿದ್ದಲು ಕೂತ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತಿತ್ತು. ಕಡೆಗೆ ನಾಚಿಕೆ ಬಿಟ್ಟು, ರಾಣೇಬೆನ್ನೂರಿನಿಂದ ಬಂದು ಹೊಸದಾಗಿ ಅವನ ಕೈಕೆಳಗೆ ಕೆಲಸಕ್ಕೆ ಸೇರಿದ್ದ ದಿಲನಾಜಳನ್ನು ಕರೆದ.

“ಸರ್, ಮ್ಯಾಲಿಂದ ಒಬ್ಬೊಬ್ಬರನ್ನ ಕೇಳ್ಕೋತ ಯಾಕ ಇಳೀಬೇಕು?” ಎಂದಳು ಅವಳು. “ಕಾಯಿ ಎಂಥಾದ್ದು ಅಂತ ಗೊತ್ತಾದ ಕೂಡ್ಲೇ ಸೀದಾ ಅದರ ಕೆಲಸಕ್ಕ ಹೋಗೂಣಲ್ಲ.”

ಒಂದು ಕೋಷ್ಟಕ ಮಾಡಿದಳು. ಎಡಕ್ಕೆ ಡಬ್ಬಿ ತಳಿ, ಕಡ್ಡಿ ತಳಿ, ಆರದ ಕಾಯಿ ಎಂದು ಮಾಲಿನ ಹೆಸರು. ಬಲಕ್ಕೆ ಆ ಮಾಲನ್ನು ಏನು ಮಾಡಬೇಕೆಂದು ಹೇಳುವ ಪುಟ್ಟ ಫಂಕ್ಷನ್ನು. ಹೆಸರು ಹುಡುಕು, ಎದುರಿಗಿದ್ದದ್ದನ್ನು ನಡೆಸು. ಗೊತ್ತಿಲ್ಲದ ಹೆಸರು ಬಂದರೆ ಎಲ್ಲಿಗೂ ನೂಕದೆ ನಿಲ್ಲಿಸಿ ಕೇಳು. ಅಷ್ಟೇ!

“ಅಜ್ಜಪ್ಪನವರು ಎಲ್ಲಿ ಅದಾರ ಇದ್ರಾಗ?”

“ಇದ್ರಾಗ ಯಾರೂ ಮೊದಲಿಲ್ಲರಿ ಸರ್. ಯಾರೂ ಕಡೀಗೂ ಇಲ್ಲ.”

ಎಲಾ ಇವಳ! ಕಿರಣಕುಮಾರನಿಗೆ ಹೊಟ್ಟೆಕಿಚ್ಚುಪಡಲೂ ಪುರುಸೊತ್ತು ಸಿಗಲಿಲ್ಲ, ಅಷ್ಟು ಚಂದ ಕಂಡಿತು ಅದು. “ಹಳೇದು ಅಳಿಸಿಬಿಡು” ಎಂದ.

ಅವಳು ಕೀಬೋರ್ಡನ್ನು ಅವನತ್ತ ಸರಿಸಿದಳು. “ಇಷ್ಟು ವರ್ಷ ಪ್ಯಾಟಿ ನಡಸೇತಿ ಅದು. ನೀವ ಬರದದ್ದು. ನಾ ಹೆಂಗ ಅಳಿಸ್ಲಿ?”

ಅವನು ಕೀಬೋರ್ಡನ್ನು ಹತ್ತಿರ ಎಳೆದುಕೊಂಡ. ತಾನೇ ಅಳಿಸಿದ.

ಸೋಮವಾರ ರಾಶಿ ರಾಶಿ ಚೀಲ ಬಂದವು. ಒಂದೂ ದಾರಿ ತಪ್ಪಲಿಲ್ಲ. ಗುಡದಪ್ಪ ಎಲ್ಲರೆದುರು ಅವನ ಬೆನ್ನು ತಟ್ಟಿದರು. “ಭಲೇ ತಮ್ಮಾ! ನೀ ಇಲ್ಲೇ ಇರು, ಎಲ್ಲೂ ಹೋಗಬ್ಯಾಡ. ಖರೇನ ಚಲೋ ಮಾಡೀದಿ!”

“ಇಲ್ಲರಿ,” ಎಂದ ಕಿರಣಕುಮಾರ, “ಮಾಡಿದಾಕಿ ದಿಲನಾಜ.”